ಶಾಲು ಹೊದ್ದ ಆಲ್ಟೊ

ಕಿವಿ ಮಂದವಾಗಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ, ಊರಿನ ಜನರೆಲ್ಲ ಈಚೆಗೆ ಗೊಣಗುವುದನ್ನು ಕಲಿತಿದ್ದಾರೆ ಎಂದು ನಂಬುವುದು ಸುಲಭ. ನಾನು ಬಹಳ ದಿನ ಹಾಗೆಯೇ ನಂಬಿದ್ದೆ. ಹಾಲಿನವನು ಗೊಣಗುತ್ತಿದ್ದ, ಟಿ.ವಿ.ಯಲ್ಲಿ ವಾರ್ತೆ ಓದುವವಳು ಗೊಣಗುತ್ತಿದ್ದಳು, ನಮ್ಮ ಮನೆಯವರಂತೂ ಮದುವೆಯಾದಾಗಿನಿಂದಲೂ ಗೊಣಗಿಕೊಂಡೇ ಬಂದವರು. ಡಿಕ್ಷನ್, ಸ್ಪಷ್ಟ ಉಚ್ಚಾರ ಅನ್ನುವುದು ಈ ದೇಶದಲ್ಲಿ ಸತ್ತೇ ಹೋಯಿತು ಎಂದು ನಾನು ಊಟದ ಹೊತ್ತಿಗೆ ಭಾಷಣ ಮಾಡುತ್ತಿದ್ದೆ. ಕಾನ್ವೆಂಟಿನಲ್ಲಿ ನಮಗೆ ಹಾಡು ಕಲಿಸಿದ ಸಿಸ್ಟರ್ ಈಗ ಇದ್ದಿದ್ದರೆ ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಗದ್ದದ ಕೆಳಗೆ ಮರದ ಸ್ಕೇಲು ಹಿಡಿದು, ಬಾಯಿ ಅಗಲ ಮಾಡಿಸುತ್ತಿದ್ದರು.

ಕೊನೆಗೆ ಮನೆಯವರು ನನ್ನನ್ನು ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ಕಿವಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿಯ ಹುಡುಗಿ ನನ್ನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು ಎಂದಳು. ಪರೀಕ್ಷೆಯಲ್ಲಿ ಫೇಲಾಗಿ ಗೊತ್ತಿಲ್ಲದವಳು ನಾನು. ಗಾಜಿನಾಚೆಯ ಅವಳ ಮುಖವನ್ನೇ ನೋಡುತ್ತಾ, ಈಗ ಸದ್ದು ಬಂದಿರಬಹುದು ಎಂದು ಅನ್ನಿಸಿದಾಗಲೆಲ್ಲ ಠೀವಿಯಿಂದ ಕೈ ಎತ್ತಿದೆ. ಅವಳು ಬಾಗಿಲು ತೆರೆದು ಒಳಗೆ ಬಂದಳು.

"ಆಂಟಿ, ನಾನಿನ್ನೂ ಮಷೀನ್ ಆನ್ ಮಾಡಿಲ್ರಿ."

ಹೀಗೆ ನನ್ನ ಎರಡೂ ಕಿವಿಗಳಿಗೆ ಯಂತ್ರ ಬಂತು. ಹುರಿಗಡಲೆಗಿಂತ ತುಸು ದೊಡ್ಡದು, ಮೈಬಣ್ಣದ್ದು. ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು ಹಿಂದೆ ತುರುಬು ಕಟ್ಟಿದರೆ ಯಾರಿಗೂ ಕಾಣುವುದಿಲ್ಲ. ಮನೆಯವರಿಗೆ ನಾನು ಹೇಳಿದ್ದು ಒಂದೇ ಮಾತು: "ಹರಿಹರದಲ್ಲಿ ಇದು ಯಾರಿಗೂ ಗೊತ್ತಾಗಬಾರದು. ನಿಮ್ಮ ತಂಗಿಗಂತೂ ಗೊತ್ತಾಗಲೇಬಾರದು."

ಹರಿಹರ ಯಾಕೆ ಎಂದು ಹೇಳಬೇಕು.

ಹರಿಹರದ ಹಳೆಯ ಚರ್ಚಿನಲ್ಲಿ ಒಂದು ಪೈಪ್ ಆರ್ಗನ್ ಇದೆ. ಎರಡು ಬೀರುಗಳನ್ನು ಜೋಡಿಸಿ ನಿಲ್ಲಿಸಿದಷ್ಟು ದೊಡ್ಡದು, ಅಷ್ಟೆ. ಮುಂದೆ ಕೊಳಲುಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ ತವರದ ಕೊಳವೆಗಳು, ಹಿಂದೆ ಗಾಳಿ ತುಂಬುವ ಚರ್ಮದ ತಿದಿ. ನಮ್ಮ ಕಾನ್ವೆಂಟಿನ ಹುಡುಗಿಯರನ್ನು ಕ್ರಿಸ್ಮಸ್ಸಿಗೆ ಮುಂಚೆ ಬಸ್ಸಿನಲ್ಲಿ ತುಂಬಿಕೊಂಡು ಅಲ್ಲಿಗೆ ಹಾಡಲು ಕರೆದೊಯ್ಯುತ್ತಿದ್ದರು. ಸಿಸ್ಟರ್ ಜಾತಿ ನೋಡಲಿಲ್ಲ, ಗಂಟಲು ನೋಡಿದರು. ಹಾಗಾಗಿ ಹಣೆಗೆ ವಿಭೂತಿ ಹಚ್ಚಿಕೊಂಡ ನನ್ನಂಥವರು ಅರ್ಥ ಗೊತ್ತಿಲ್ಲದ ಲ್ಯಾಟಿನ್ನನ್ನು ಕಣ್ಣು ಮುಚ್ಚಿ ಹಾಡಿದೆವು. ನನ್ನದು ಆಲ್ಟೊ, ಅಂದರೆ ಹೆಂಗಸರ ಕೆಳದನಿ. ಮೇಲಿನ ದನಿಯವರು ರಾಗ ಹಾಡಿ ಹೊಗಳಿಸಿಕೊಳ್ಳುತ್ತಾರೆ, ನಾವು ಕೆಳಗೆ ಕಂಬ ಹೊತ್ತು ನಿಂತಿರುತ್ತೇವೆ. ಆದರೆ ಆರ್ಗನ್ನಿನ ದಪ್ಪ ಕೊಳವೆ ಎಚ್ಚರಗೊಂಡಾಗ ಅದು ನಮ್ಮ ಪಕ್ಕದಲ್ಲಿಯೇ ನಿಂತು ಹಾಡುತ್ತಿತ್ತು. ಆ ಸುಖವನ್ನು ನಾನು ಮುಂದೆ ಯಾವ ಸಂಗೀತ ಕಚೇರಿಯಲ್ಲಿಯೂ ಕಾಣಲಿಲ್ಲ. ಕಂಡಿದ್ದೇನೆ ಎಂದು ಹೇಳಿಕೊಂಡು ತಿರುಗಿದ್ದು ಬೇರೆ ಮಾತು.

ಆಮೇಲೆ ಆರ್ಗನ್ ಕೆಟ್ಟಿತು. ಇಲಿಗಳು ತಿದಿಯ ಚರ್ಮ ತಿಂದವು. ಮೇಲಿನ ಹಲಗೆ ಕ್ರಿಸ್ಮಸ್ ಗೋದಲಿಯ ಗೊಂಬೆಗಳನ್ನು ಇಡುವ ಅಟ್ಟವಾಯಿತು. ಒಂಟೆಗಳೂ ಕುರಿಗಳೂ ವರ್ಷವಿಡೀ ಅಲ್ಲಿಯೇ ಮಲಗಿರುತ್ತಿದ್ದವು. ಈಗಿನ ಫಾದರ್ ಬಂದ ಮೇಲೆ ಅವರಿವರನ್ನು ಕೇಳಿ, ಮಂಗಳೂರಿನಿಂದ ಆರ್ಗನ್ ರಿಪೇರಿ ಮಾಡುವ ಒಬ್ಬರನ್ನು ಕರೆಸಿದರು. ರಿಪೇರಿ ಮುಗಿದ ಮೇಲೆ ಒಂದು ಕಾನ್ಸರ್ಟ್ ಎಂದು ನಿಶ್ಚಯವಾಯಿತು. ಚರ್ಚಿನ ಕಾಯರಿನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಆಲ್ಟೊ ಕಡಿಮೆ ಇದ್ದುದರಿಂದ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರಿಗೂ ಕರೆ ಬಂತು. ಅವರು ಕರೆಯುವ ಮೊದಲೇ ನಾನು ಹೊರಟು ನಿಂತಿದ್ದೆ ಎಂದು ನಾದಿನಿ ಹೇಳುತ್ತಾಳೆ.

ನಾದಿನಿ ಎಂದರೆ ಮನೆಯವರ ತಂಗಿ. ಎಸ್.ಎಸ್. ಬಡಾವಣೆಯಲ್ಲಿ ಮನೆ. ಅದೇ ಕಾನ್ವೆಂಟಿನಲ್ಲಿ ನನಗಿಂತ ಕೆಳಗಿನ ಕ್ಲಾಸಿನಲ್ಲಿ ಓದಿದವಳು, ಅವಳೂ ಆಲ್ಟೊ. ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ಬಸ್ಸಿನಲ್ಲಿ ಹರಿಹರಕ್ಕೆ ಹೋಗುತ್ತಿದ್ದೆವು. ರಿಪೇರಿ ನಡೆದಿದ್ದರಿಂದ ಪ್ರಾಕ್ಟೀಸೆಲ್ಲ ಎಲೆಕ್ಟ್ರಾನಿಕ್ ಕೀಬೋರ್ಡಿನ ಮೇಲೆ, ಪಿಯಾನೊ ದನಿಯಲ್ಲಿ. ಅದಾದ ಮೇಲೆ ಚರ್ಚಿನ ಕಾಂಪೌಂಡಿನ ಬೇವಿನ ಮರದ ಕೆಳಗೆ ಮಂಡಕ್ಕಿ ಮಿರ್ಚಿ. ಎಣ್ಣೆ ಗಂಟಲಿಗೆ ಒಳ್ಳೆಯದಲ್ಲ ಎಂದು ನಾನು ಪ್ರತಿ ವಾರ ಹೇಳುತ್ತಿದ್ದೆ. ಪ್ರತಿ ವಾರ ತಿನ್ನುತ್ತಿದ್ದೆ.

ಕಾಯರ್ ಮಾಸ್ಟರ್ ಹರಿಹರದವರೇ, ರಿಟೈರಾದ ಹೈಸ್ಕೂಲ್ ಮೇಷ್ಟ್ರು. ಮೆದು ಮನುಷ್ಯ. ಯಾರಿಗೂ ನೇರವಾಗಿ "ನೀವು ಬ್ಯಾಡ್ರಿ" ಎಂದವರಲ್ಲ. ನಮ್ಮ ಕಡೆ ಯಾರನ್ನೂ ತೆಗೆದುಹಾಕುವುದಿಲ್ಲ, ಸನ್ಮಾನ ಮಾಡುತ್ತೇವೆ. ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿಬಿಟ್ಟರೆ ಮುಗಿಯಿತು. ಆ ಮನುಷ್ಯ ಮತ್ತೆ ಎದ್ದು ಕೆಲಸ ಕೇಳುವುದಿಲ್ಲ. ಸಂಘಗಳಲ್ಲಿ ಸೆಕ್ರೆಟರಿಗಳು ಹೀಗೆ ಹೋಗಿದ್ದಾರೆ, ಭಜನಾ ಮಂಡಳಿಯಲ್ಲಿ ತಬಲದವರು ಹೋಗಿದ್ದಾರೆ.

ನಮ್ಮ ಕಾಯರಿನಲ್ಲಿ ಮೊದಲು ಹೋದವರು ಸಾಹೇಬರು. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮಿಷನ್ ಶಾಲೆಯಲ್ಲಿ ಕಲಿತವರು, ಬಾವಿಯೊಳಗಿಂದ ಬಂದಂಥ ದನಿ. ಆದರೆ ಈಚೆಗೆ ಕಿವಿ ಕೈಕೊಟ್ಟು, ಎಲ್ಲರೂ ಮೆಲ್ಲಗೆ ಹಾಡುವಲ್ಲಿ ಅವರೊಬ್ಬರೇ ಗುಡುಗುತ್ತಿದ್ದರು. ಮಾಸ್ಟರ್ ಎರಡು ವಾರ ತಾಳಿಕೊಂಡರು. ಮೂರನೆಯ ವಾರ ಪ್ರಾಕ್ಟೀಸಿನ ನಡುವೆಯೇ ಶಾಲು ಬಂತು. "ಗೌರವ ಸಲಹೆಗಾರರು" ಎಂದು ಘೋಷಣೆಯಾಯಿತು. ಸಾಹೇಬರು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತು ನಮ್ಮನ್ನು ನೋಡಿದ ನೋಟ ಇತ್ತಲ್ಲ, ಅದನ್ನು ಕಂಡ ದಿನವೇ ನಾನು ಕಿವಿಯ ಮೇಲಿನ ಕೂದಲಿಗೆ ಇನ್ನೆರಡು ಪಿನ್ನು ಹಾಕಿದೆ.

ನನಗೆ ಬೇಕಾಗಿದ್ದದ್ದು ಒಂದೇ. ಆ ಆರ್ಗನ್ ಮತ್ತೆ ಬಾಯಿ ಬಿಟ್ಟಾಗ ಅದರ ಪಕ್ಕದಲ್ಲಿ ಆಲ್ಟೊ ಸಾಲಿನಲ್ಲಿ ನಿಂತಿರಬೇಕು, ಕುರ್ಚಿಯಲ್ಲಿ ಕುಳಿತಿರಬಾರದು. ಈ ವಯಸ್ಸಿನಲ್ಲಿ ಇಂಥ ಆಸೆಯನ್ನು ಬಾಯಿ ಬಿಟ್ಟು ಹೇಳಿದರೆ ಜನ ನಗುತ್ತಾರೆ. ಆದ್ದರಿಂದ ನಾನು "ಐ ಆಮ್ ಡೂಯಿಂಗ್ ಇಟ್ ಫಾರ್ ದಿ ಚರ್ಚ್" ಎಂದು ಹೇಳಿಕೊಂಡಿದ್ದೆ.

ಆರ್ಗನ್ ಸಿದ್ಧವಾದ ಭಾನುವಾರ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಮಂಗಳೂರಿನವರು ಬೆಂಚಿನ ಮೇಲೆ ಕುಳಿತರು. ಅವರು ಇಸ್ತ್ರಿ ಕೆಡದ ಅಂಗಿಯ ಮನುಷ್ಯ, ಮಾತೆತ್ತಿದರೆ ಗೋವಾದಲ್ಲಿ ತಾವು ಬದುಕಿಸಿದ ಆರ್ಗನ್‌ಗಳ ಕಥೆ. ತಿದಿ ಒತ್ತುವವರು ಈಗ ಬೇಡ, ವಿದ್ಯುತ್ತಿನ ಬ್ಲೋವರ್ ಇದೆ ಎಂದು ತೋರಿಸಿ, ಎರಡೂ ಕೈ ಇಟ್ಟು ಒಂದು ದೀರ್ಘ ಸ್ವರ ಎತ್ತಿದರು.

ನನಗೆ ಯಾರೋ ಬಾಯಿಯಲ್ಲಿ ನೀರು ತುಂಬಿಕೊಂಡು ಮುಕ್ಕಳಿಸುತ್ತಿದ್ದ ಹಾಗೆ ಕೇಳಿತು. ಸ್ವರ ಹೊರಟದ್ದೇ ನಡುಗುತ್ತಿತ್ತು, ಅದರ ಮೇಲೊಂದು ಸೀಟಿ ತೇಲುತ್ತಿತ್ತು. ನುಡಿಸಿದಷ್ಟೂ ಹಾಗೆಯೇ. ನಾನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ದನಿ ಇದಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವುದನ್ನು ಕಾದು, ನಾನು ಕಾನ್ವೆಂಟಿನಲ್ಲಿ ಕಲಿತ ಶುದ್ಧ ಉಚ್ಚಾರಣೆಯಲ್ಲಿ ಹೇಳಿದೆ:

"ಐ ಆಮ್ ಸಾರಿ. ಇಟ್ ಈಸ್ ವೇವರಿಂಗ್."

ಈ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ಯಾರಾದರೂ "ಹಂಗೇನಿಲ್ರಿ" ಎನ್ನುತ್ತಿದ್ದರೋ ಏನೋ. ಇಂಗ್ಲಿಷಿನಲ್ಲಿ, ಅದೂ ಸಿಸ್ಟರುಗಳ ಇಂಗ್ಲಿಷಿನಲ್ಲಿ ಬಂದದ್ದರಿಂದ ಅದು ತೀರ್ಪಾಯಿತು. ಚರ್ಚಿನ ಸಂಗೀತ, ಕೇಕು, ಟೇಬಲ್ ಮ್ಯಾನರ್ಸ್ ಈ ಮೂರರಲ್ಲಿ ನಮ್ಮ ಕಡೆಯವರು ಕಾನ್ವೆಂಟಿನ ಹೆಂಗಸಿನ ಮಾತಿಗೆ ಎದುರಾಡುವುದಿಲ್ಲ. ಮೊದಲು ನಾದಿನಿ ತಲೆಯಾಡಿಸಿದಳು.

"ನನಗೂ ಹಂಗೇ ಅನ್ನಿಸ್ತು ನೋಡ್ರಿ. ಏನೋ ಒಂಥರಾ ಐತೆ."

ಅವಳ ಹಿಂದಿನವರಿಗೂ ಒಂಥರಾ ಅನ್ನಿಸಿತು. ನಿಮಿಷದೊಳಗೆ ಇಡೀ ಕಾಯರಿಗೆ ನಡುಕ ಕೇಳಿಸತೊಡಗಿತು. ಒಬ್ಬರಂತೂ ತಮಗೆ ಎಡಗಡೆಯ ಕೊಳವೆಯಲ್ಲಿ ಹೆಚ್ಚು ಕೇಳಿತು ಎಂದರು. ಮಂಗಳೂರಿನವರು ಬೆಂಚಿನಿಂದ ತಿರುಗಿ ನನ್ನನ್ನು ನೋಡಿದರು.

"ಎಂತ ವೇವರಿಂಗ್ ಮೇಡಂ? ನನಗೆ ಅಂಥದ್ದು ಎಂತದೂ ಕೇಳುದಿಲ್ಲ. ಸರಿಯೇ ಉಂಟು."

"ಸರಿ ಇದ್ದರೆ ನಾನ್ಯಾಕೆ ಹೇಳುತ್ತಿದ್ದೆ?"

"ಅದನ್ನೇ ನಾನೂ ಯೋಚನೆ ಮಾಡ್ತಾ ಇದ್ದೇನೆ," ಎಂದರು ಅವರು.

ಮಾಸ್ಟರ್ ನಡುವೆ ಬಂದರು. "ಬ್ಯಾಡ್ರಿ, ಜಗಳ ಬ್ಯಾಡ. ಮೇಡಂ ಅವ್ರ ಕಿವಿ ಅಂದ್ರ ಕಿವಿ. ಸಣ್ಣವರಿದ್ದಾಗ ಇದೇ ಆರ್ಗನ್ ಕೇಳಿದವ್ರು. ಇನ್ನೊಂದು ಸಲ ನೋಡಿಬಿಡ್ರಿ ನೀವು." ನನ್ನ ಕಡೆ ತಿರುಗಿ, "ಇನ್ನ ಮುಂದ ನಮ್ಮ ಕಾಯರಿನ ಕಿವಿ ನೀವೇ ಮೇಡಂ," ಎಂದರು.

ಆ ಪದವಿಯನ್ನು ನಾನು ತಲೆ ಬಾಗಿಸಿ ಸ್ವೀಕರಿಸಿದೆ. ಬಾಗಿಸುವಾಗ ಕೂದಲು ಸರಿಯದ ಹಾಗೆ ಎಚ್ಚರ ವಹಿಸಿದೆ.

ಮುಂದಿನ ಭಾನುವಾರದ ಹೊತ್ತಿಗೆ ಮಂಗಳೂರಿನವರು ಒಂದೊಂದೇ ಕೊಳವೆ ಇಳಿಸಿ, ಒರೆಸಿ, ಮತ್ತೆ ಏರಿಸಿ ಮುಗಿಸಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ನುಡಿಸಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಎಲ್ಲರೂ ಆರ್ಗನ್ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಮುಕ್ಕಳಿಸುವುದು ಹಾಗೆಯೇ ಇತ್ತು. ನಾನು ಬಹಳ ನೋವಿನಿಂದ ತಲೆಯಲ್ಲಾಡಿಸಿದೆ. ನೋವು ನಿಜವಾದದ್ದೇ. ನಟನೆ ಏನಿದ್ದರೂ ಕಣ್ಣು ಮುಚ್ಚಿದ ರೀತಿಯಲ್ಲಿತ್ತು.

ಮಂಗಳೂರಿನವರು ಬ್ಲೋವರ್ ಆಫ್ ಮಾಡಿದರು. "ನಾನು ಊರಿಗೆ ಹೋಗ್ತೇನೆ ಫಾದರ್. ಈ ಮೇಡಂ ಅವರನ್ನು ಮೆಚ್ಚಿಸುದು ನನ್ನಿಂದ ಆಗುದಿಲ್ಲ."

ಫಾದರ್ ಒಂದು ಕೊಳವೆಯ ಮೇಲಿನ ಬೆರಳಿನ ಗುರುತನ್ನು ತಮ್ಮ ನಿಲುವಂಗಿಯ ತೋಳಿನಿಂದ ಒರೆಸುತ್ತಾ ನಿಂತರು. ಮಾಸ್ಟರೇ ದಾರಿ ಹುಡುಕಿದರು: ಕಾನ್ಸರ್ಟಿಗೆ ಕೀಬೋರ್ಡ್ ಇಟ್ಟುಕೊಳ್ಳೋಣ, ಆರ್ಗನ್ನಿಗೆ ಹೂವಿನ ಹಾರ ಹಾಕಿ ಲೈಟ್ ಬಿಡೋಣ, ಬಂದವರು ನೋಡಿಕೊಂಡು ಹೋಗಲಿ. ಎಲ್ಲರೂ ಹೂಂ ಎಂದು ಮಿರ್ಚಿ ತಿನ್ನಲು ಹೊರಗೆ ನಡೆದರು. ಆರ್ಗನ್ನಿನ ಕಾನ್ಸರ್ಟಿನಲ್ಲಿ ಆರ್ಗನ್ ಬಾಯಿ ಬಿಡುವುದಿಲ್ಲ ಎಂದು ತೀರ್ಮಾನವಾಗಿತ್ತು, ಆ ತೀರ್ಮಾನ ನನ್ನ ಕಿವಿಯದು.

ನಾನು ಮಿರ್ಚಿಗೆ ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕುಳಿತೆ. ಸ್ವಲ್ಪ ಹೊತ್ತಿಗೆ ಕಿವಿಯೊಳಗೆ ಯಂತ್ರ ಟಿಣ್ ಟಿಣ್ ಎಂದಿತು. ಬ್ಯಾಟರಿ ಮುಗಿಯುವ ಮುನ್ಸೂಚನೆ. ಯಾರೂ ಇಲ್ಲವಲ್ಲ ಎಂದು ಎರಡನ್ನೂ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ವ್ಯಾನಿಟಿ ಬ್ಯಾಗಿನಲ್ಲಿ ಹೊಸ ಬ್ಯಾಟರಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಂಗಳೂರಿನವರು, ನಾನಿರುವುದು ಗೊತ್ತಿಲ್ಲದೆ, ಹೊರಡುವ ಮುನ್ನ ಕೊನೆಯ ಸಲ ಎನ್ನುವಂತೆ ಬ್ಲೋವರ್ ಹಾಕಿ ನುಡಿಸಲು ಶುರು ಮಾಡಿದರು.

ದೂರದಿಂದ, ಅರಳೆಯ ಮೂಟೆಗಳ ಆಚೆಯಿಂದ ಬಂದ ಹಾಗೆ ಕೇಳಿತು. ಆದರೆ ನೇರವಾಗಿ ಕೇಳಿತು. ನಡುಕವಿಲ್ಲ, ಸೀಟಿಯಿಲ್ಲ. ನಿಂತ ನೀರಿನಂಥ ಸ್ವರ. ನಾನು ಹುಡುಗಿಯಾಗಿದ್ದಾಗಿನದೇ.

ಹೊಸ ಬ್ಯಾಟರಿ ಹಾಕಿ ಯಂತ್ರ ಕಿವಿಗಿಟ್ಟೆ. ಮುಕ್ಕಳಿಸಿತು. ತೆಗೆದೆ. ನೇರವಾಯಿತು. ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಆಮೇಲೆ ಕ್ಲಿನಿಕ್ಕಿನ ಹುಡುಗಿ ವಿವರಿಸಿದಳು: ಈ ಯಂತ್ರಕ್ಕೆ ಒಂದೇ ಸಮನೆ ಎಳೆದ ಸ್ವರ ಕೇಳಿದರೆ, ಅದು ತನ್ನದೇ ಸೀಟಿಯೆಂದು ತಿಳಿದು ಅದನ್ನು ಅಡಗಿಸಲು ಒದ್ದಾಡುತ್ತದಂತೆ. ಮಾತು, ಪಿಯಾನೊ, ಜನರ ಹಾಡು, ಇವು ಏರಿಳಿಯುವುದರಿಂದ ತೊಂದರೆಯಿಲ್ಲ. ಆರ್ಗನ್ ಉಸಿರು ತೆಗೆದುಕೊಳ್ಳುವುದಿಲ್ಲವಲ್ಲ. ಆದರೆ ಅಂದು ಬೆಂಚಿನ ಮೇಲೆ ನನಗೆ ಯಾವ ವಿವರಣೆಯೂ ಬೇಕಿರಲಿಲ್ಲ. ವೇವರಿಂಗ್ ಆಗುತ್ತಿದ್ದವಳು ನಾನು.

ನಿಜ ಹೇಳಿದರೆ ನನಗೆ ಶಾಲು ಖಂಡಿತ. ಸುಮ್ಮನಿದ್ದರೆ ಸಾಲಿನಲ್ಲಿ ನಿಲ್ಲಬಹುದು, ಆದರೆ ಪಕ್ಕದಲ್ಲಿ ಹಾರ ಹಾಕಿದ ಬೀರು ನಿಂತಿರುತ್ತದೆ. ನಾನು ಬುದ್ಧಿವಂತೆ. ಮೂರನೆಯ ದಾರಿ ಹುಡುಕಿದೆ. ಹೊರಗೆ ಬೇವಿನ ಮರದ ಕೆಳಗೆ ಹೋಗಿ, ಯಂತ್ರಗಳನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಈಗ ಸರಿಯಾಗಿದೆ. ಪರ್ಫೆಕ್ಟ್. ಆರ್ಗನ್ನೇ ಇರಲಿ."

ನಾನು ಎಷ್ಟು ಗಟ್ಟಿಯಾಗಿ ಹೇಳಿದೆನೋ ನನಗೆ ಗೊತ್ತಿಲ್ಲ. ಮರದ ಮೇಲಿನ ಕಾಗೆಗಳು ಹಾರಿದವು. ಮಂಗಳೂರಿನವರು ಬಾಗಿಲಿಗೆ ಓಡಿ ಬಂದರು. ಅವರ ತುಟಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಮಾಸ್ಟರ ತುಟಿಯೂ ಆಡಿತು. ನಾನು ಎಲ್ಲಕ್ಕೂ ಮುಗುಳ್ನಕ್ಕೆ. ಕಾನ್ವೆಂಟಿನಲ್ಲಿ ಕಲಿಸಿದ ಇನ್ನೊಂದು ವಿದ್ಯೆ ಅದು. ನಾದಿನಿ ಬಳಿಗೆ ಬಂದು ನನ್ನ ತೋಳು ಅಲುಗಾಡಿಸಿದಳು.

"ಅತ್ಗೆ, ಮಾಸ್ಟರ್ ಕೇಳ್ತಾ ಇದಾರ. ಇಷ್ಟೊತ್ತನಕ ಕೆಟ್ಟಿದ್ದು ಈಗ ಹೆಂಗ ಸರಿಯಾತು ಅಂತ."

ಅವಳ ದನಿ ಮಾತ್ರ ಯಂತ್ರವಿಲ್ಲದೆಯೂ ಕೇಳುತ್ತದೆ, ದೇವರು ಕೊಟ್ಟದ್ದು. "ಇವರು ಈಗ ರಿಪೇರಿ ಮಾಡಿದರಲ್ಲ" ಎಂದು ನಾನು ಮಂಗಳೂರಿನವರ ಕಡೆ ಕೈ ತೋರಿಸಿದೆ. ಅದು ದೊಡ್ಡ ತಪ್ಪಾಯಿತು. ಅವರು ಮೆಟ್ಟಿಲಿಳಿದು ನನ್ನ ಎದುರಿಗೇ ಬಂದು ನಿಂತದ್ದರಿಂದ ಮಾತು ಈ ಸಲ ನನಗೂ ಕೇಳಿತು.

"ನಾನು ಮುಟ್ಟಲೇ ಇಲ್ಲ ಮಾರಾಯ್ರೆ. ಅಂದಿನದೇ ಆರ್ಗನ್, ಅಂದಿನದೇ ಸ್ವರ. ತನ್ನಷ್ಟಕ್ಕೆ ಕೆಡುದು, ತನ್ನಷ್ಟಕ್ಕೆ ಸರಿ ಆಗುದು, ಅದು ಜ್ವರವಾ?"

ಮಾಸ್ಟರ್ ಕೈ ಅಡ್ಡ ಆಡಿಸಿದರು. ನಾದಿನಿ ನನಗೆ ಕೂಗಿ ತಿಳಿಸಿದಳು: ಹೀಗೆ ಆಗಾಗ ಕೆಡುವುದಾದರೆ ಅದನ್ನು ನಂಬಿ ಸ್ಟೇಜ್ ಏರುವುದು ಬೇಡ, ಕೀಬೋರ್ಡೇ ಗಟ್ಟಿ. ಫಾದರ್ ಆಗಲೇ ಒಳಗೆ ಹೋಗಿ ಆರ್ಗನ್ನಿನ ಮುಚ್ಚಳ ಹಾಕುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು.

ನಾನು ಸೆರಗಿನ ಗಂಟು ಬಿಚ್ಚಿ ಎರಡೂ ಯಂತ್ರಗಳನ್ನು ಮಾಸ್ಟರ ಮುಂದೆ ಹಿಡಿದೆ. ಅವರ ಕೈಯಲ್ಲಿ ಮಂಡಕ್ಕಿಯ ಪೊಟ್ಟಣ ಇತ್ತು. ಏನು ಮಾಡಬೇಕು ಎಂದು ತಿಳಿಯದೆ ಪೊಟ್ಟಣವನ್ನೇ ಮುಂದೆ ಚಾಚಿದರು, ನಾನು ಏನೋ ಹಾಕುತ್ತೇನೆ ಎಂದುಕೊಂಡರೇನೋ.

"ಆರ್ಗನ್ ಸರಿ ಇದೆ," ಎಂದೆ. "ಮೊದಲ ದಿನದಿಂದಲೂ ಸರಿ ಇತ್ತು. ಇವು ಹಾಕಿಕೊಂಡರೆ ನನಗೆ ಹಾಗೆ ಕೇಳುತ್ತದೆ."

ನಾದಿನಿ ಅಂಗೈಯ ಮೇಲೆ ಬಗ್ಗಿ ನೋಡಿದಳು. "ಇದೇನಿದು ಅತ್ಗೆ, ಹುರಿಗಡ್ಲಿ ಇದ್ದಂಗೈತೆ." ಆಮೇಲೆ ಅರ್ಥವಾಯಿತು. "ಅಯ್ಯೋ ನಿನ್ನ. ನಾನು ಫೋನಿನಾಗ ಒದರಿ ಒದರಿ ಗಂಟಲು ಹರಕೊಂಡೆ. ನಿನಗ ಸಿಟ್ಟು ಬಂದು ಉತ್ತರ ಕೊಡವಲ್ಲಿ ಅಂತ ತಿಳ್ಕೊಂಡಿದ್ದೆ."

"ನಿನಗೂ ವೇವರಿಂಗ್ ಕೇಳಿಸಿತ್ತಲ್ಲ," ಎಂದೆ ನಾನು.

ಅವಳು ಮಿರ್ಚಿ ಕಡಿದಳು. ಎಡಗಡೆಯ ಕೊಳವೆಯಲ್ಲಿ ಹೆಚ್ಚು ಕೇಳಿಸಿಕೊಂಡವರು ಚಪ್ಪಲಿ ಹುಡುಕತೊಡಗಿದರು. ಮಂಗಳೂರಿನವರು ಮಾತ್ರ ಆಕಾಶ ನೋಡಿ ಏನೋ ಹೇಳಿದರು. ಕೇಳದಿದ್ದದ್ದೇ ಒಳ್ಳೆಯದಾಯಿತು. ಮಾಸ್ಟರ ಮುಖ ಮೆತ್ತಗಾಗುತ್ತಾ ಬಂತು. ಆ ಮೆತ್ತಗಾಗುವುದನ್ನು ನಾನು ಸಾಹೇಬರ ಸಲ ನೋಡಿದ್ದೆ. ನನ್ನ ಕಿವಿಯ ಹತ್ತಿರ ಬಾಗಿ ಬಹಳ ಪ್ರೀತಿಯಿಂದ ಹೇಳಿದರು:

"ಮೇಡಂ, ನಿಮ್ಮಂಥ ಹಿರಿಯರಿಗೆ ನಾವು ಇನ್ನೂ ಸನ್ಮಾನನ ಮಾಡಿಲ್ಲ ನೋಡ್ರಿ. ಕಾನ್ಸರ್ಟ್ ದಿನ, ಎಲ್ಲಾರ ಮುಂದ ಮಾಡೋಣ."

ಕಾನ್ಸರ್ಟಿನ ಸಂಜೆ ನಾನು ಆಲ್ಟೊಗಳ ಯೂನಿಫಾರ್ಮ್ ಆಗಿದ್ದ ಬಿಳಿ ಸೀರೆಯನ್ನೇ ಉಟ್ಟೆ. ಮನೆಯವರು ನೋಡಿ ಏನೋ ಗೊಣಗಿದರು. ಈ ಸಲ ನಿಜವಾಗಿಯೂ ಗೊಣಗಿದರು, ಯಂತ್ರ ಕಿವಿಯಲ್ಲಿತ್ತು. "ಸನ್ಮಾನಕ್ಕೆ ರೇಷ್ಮೆ ಉಡ್ತಾರೆ" ಎಂದಿದ್ದರು.

ಚರ್ಚ್ ತುಂಬಿತ್ತು. ಕೀಬೋರ್ಡ್ ಮೂಲೆ ಸೇರಿತ್ತು, ಆರ್ಗನ್ನೇ ನುಡಿಸುವುದೆಂದು ಮತ್ತೆ ನಿಶ್ಚಯವಾಗಿತ್ತು. ಸೆಕೆ. ಆರ್ಗನ್ನಿಗೆ ಸೇವಂತಿಗೆಯ ಹಾರ ಹಾಕಿದ್ದರು, ಕೊಳವೆಗಳ ಬಾಯಿಗೆ ಹೂವು ಅಡ್ಡ ಬಂದಿದೆ ಎಂದು ಮಂಗಳೂರಿನವರು ಅದನ್ನು ಕಿತ್ತು ಫಾದರ್ ಕೈಗೆ ಕೊಡುತ್ತಿದ್ದರು. ಬ್ಲೋವರಿನ ಮೋಟರಿಗೆ ಯಾರೋ ಆಯುಧಪೂಜೆಯ ಹಾಗೆ ಕುಂಕುಮ ಇಟ್ಟಿದ್ದರು, ಅದನ್ನು ಯಾರೂ ಒರೆಸಲಿಲ್ಲ. ಮುಂದಿನ ಸಾಲಿನಲ್ಲಿ ಸಾಹೇಬರು ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಕಿ ನನಗೆ ಜಾಗ ಹಿಡಿದಿದ್ದರು.

"ಬರ್ರಿ ಅಕ್ಕಾರ, ಕೂಡ್ರಿ. ಈ ಸಾಲಿನಾಗ ಬೇಷ್ ಐತ್ರಿ. ಫ್ಯಾನು ಐತೆ, ನೀರು ಐತೆ. ಹಾಡೋದೊಂದು ಇಲ್ಲ."

"ನಿಮಗೆ ಬೇಜಾರಾಗಲಿಲ್ಲವಾ ಸಾಹೇಬ್ರೆ?"

"ಏನು?" ಎಂದರು ಅವರು ಕಿವಿಗೆ ಕೈ ಹಿಡಿದು. ನಾನು ಮತ್ತೆ ಕೇಳಿದೆ. "ಶಾಲು ಚಲೋ ಕೊಟ್ರು," ಎಂದರು. "ನನ್ನ ಅಂಗಡಿದೇ ಮಾಲು. ಅದಕ್ಕ ಇನ್ನೂ ಬೇಜಾರು."

ಸ್ವಾಗತ ಭಾಷಣ, ದೀಪ ಬೆಳಗುವುದು, ಅತಿಥಿಗಳ ಎರಡು ಮಾತು ಎಲ್ಲ ಆಯಿತು. ಕಾಯರ್ ವೇದಿಕೆಯ ಹಲಗೆಯ ಮೇಲೆ ಬಂದು ನಿಂತಿತು. ಆಲ್ಟೊ ಸಾಲಿನಲ್ಲಿ ನಾದಿನಿಯ ಪಕ್ಕದಲ್ಲಿ, ಆರ್ಗನ್ನಿನ ದಪ್ಪ ಕೊಳವೆಯ ಹತ್ತಿರ, ಒಂದು ಆಳು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಯಾರೂ ಅದನ್ನು ಸರಿದು ಮುಚ್ಚಿರಲಿಲ್ಲ. ನನ್ನನ್ನು ಮೇಲೆ ಕರೆದರು. ಶಾಲು ಬಿತ್ತು, ಪೇಟ ಕೂತಿತು, ಹಣ್ಣಿನ ಬುಟ್ಟಿ ಕೈಗೆ ಬಂತು. ಪೇಟ ಕೂರಿಸುವಾಗ ಕೂದಲೆಲ್ಲ ಸರಿದು ಯಂತ್ರಗಳು ಹೊರಗೆ ಕಂಡವು. ಅಷ್ಟು ಪಿನ್ನು ಹಾಕಿದ್ದು ದಂಡ. ಫೋಟೊ ತೆಗೆದರು. ಈಗ ನಾನು ಕೈಮುಗಿದು, ಮೆಟ್ಟಿಲಿಳಿದು, ಸಾಹೇಬರ ಪಕ್ಕದ ಫ್ಯಾನಿನ ಕೆಳಗೆ ಹೋಗಿ ಕೂರಬೇಕು.

ಬುಟ್ಟಿಯನ್ನು ತೋಳಿಗೆ ಸಿಕ್ಕಿಸಿಕೊಂಡು ಕೈಮುಗಿದೆ. ಯಂತ್ರಗಳನ್ನು ತೆಗೆದು ಬುಟ್ಟಿಯ ಮೋಸಂಬಿಗಳ ನಡುವೆ ಇಟ್ಟೆ. ಬುಟ್ಟಿಯನ್ನು ಮುಖ್ಯ ಅತಿಥಿಯ ಕೈಗೆ ಕೊಟ್ಟೆ, ಅವರು ಯಾಕೆಂದು ತಿಳಿಯದೆ ಹಿಡಿದುಕೊಂಡರು. ಆಮೇಲೆ ಎಡಕ್ಕೆ ಇಳಿಯುವ ಬದಲು ಬಲಕ್ಕೆ ನಡೆದು ಆ ಖಾಲಿ ಜಾಗದಲ್ಲಿ ಹೋಗಿ ನಿಂತೆ.

ಮಾಸ್ಟರ್ ಕೈ ಎತ್ತಿದವರು ಇಳಿಸಿದರು. ಇಡೀ ಚರ್ಚು ನೋಡುತ್ತಿತ್ತು. ಪೇಟ ಇಟ್ಟುಕೊಂಡ ಮನುಷ್ಯರನ್ನು ನಮ್ಮ ಕಡೆ ಯಾರೂ "ಅಲ್ಲಿಂದ ಇಳೀರಿ" ಎನ್ನುವಂತಿಲ್ಲ, ಪೇಟ ಇಟ್ಟವರಂತೂ ಎನ್ನುವಂತೆಯೇ ಇಲ್ಲ. ಅದು ಆ ಕ್ಷಣದವರೆಗೆ ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವರು ನನ್ನನ್ನು ನೋಡಿದರು. ನಾನು ಸಿಸ್ಟರ್ ಹೇಳಿಕೊಟ್ಟ ಪೋಸ್ಚರಿನಲ್ಲಿ, ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ ನಿಂತೆ. ಪೇಟ ಸ್ವಲ್ಪ ಹಿಂದಕ್ಕೆ ಜಾರಿತು. ಅವರು ಮತ್ತೆ ಕೈ ಎತ್ತಿದರು.

ಆರ್ಗನ್ ಶುರುವಾದದ್ದು ನನಗೆ ಮೊದಲು ತಿಳಿದದ್ದು ಬರಿಗಾಲಿನಿಂದ. ಹಲಗೆ ಝುಮ್ಮೆಂದಿತು. ಆಮೇಲೆ ದೂರದ ನೇರವಾದ ಸ್ವರ ಬಂತು. ನಾದಿನಿಯ ಗದ್ದ ನೋಡಿಕೊಂಡು ಉಸಿರು ತೆಗೆದೆ, ಮಾಸ್ಟರ ಬೆರಳು ನೋಡಿಕೊಂಡು ಬಾಯಿ ಬಿಟ್ಟೆ. ನನ್ನ ದನಿ ನನಗೆ ತಲೆಯೊಳಗಿನಿಂದ ಮಾತ್ರ ಕೇಳುತ್ತಿತ್ತು. ತಲೆಯೊಳಗೆ ಎಲ್ಲರ ದನಿಯೂ ಇಂಪಾಗಿಯೇ ಇರುತ್ತದೆ. ದಪ್ಪ ಕೊಳವೆ ನನ್ನ ಪಕ್ಕದಲ್ಲಿ ನಿಂತಿತ್ತು. ಅದು ಹಿಡಿದದ್ದನ್ನು ನಾನೂ ಹಿಡಿದೆ, ಅದು ಬಿಡುವವರೆಗೆ ಬಿಡಬಾರದು ಎಂದುಕೊಂಡೆ. ಕೊನೆಯ ಹಾಡಿನ ಕೊನೆಯ ಆಮೆನ್‌ನಲ್ಲಿ ಕಣ್ಣು ತಾವಾಗಿಯೇ ಮುಚ್ಚಿದವು. ಹಲಗೆಯ ನಡುಕ ಕಾಲಿನಿಂದ ಮೊಣಕಾಲಿಗೆ, ಅಲ್ಲಿಂದ ಎದೆಗೆ ಏರಿತು. ಆ ಸುಖಕ್ಕೆ ನನ್ನ ಹತ್ತಿರ ಇಂಗ್ಲಿಷಿನಲ್ಲಿಯೂ ಮಾತಿಲ್ಲ.

ಕಣ್ಣು ತೆರೆದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಚಪ್ಪಾಳೆ. ಮುಖ್ಯ ಅತಿಥಿಗಳು ಬುಟ್ಟಿ ಪಕ್ಕಕ್ಕಿಟ್ಟು ಎದ್ದು ನಿಂತು ತಟ್ಟಿದರು. ಸಾಹೇಬರು ಕೈ ಮೇಲೆತ್ತಿ ಏನೋ ಕೂಗಿದರು. ಇಷ್ಟೊಂದು ಚೆನ್ನಾಗಿ ಹಾಡಿದೆವಾ ಎಂದು ನನಗೇ ಆಶ್ಚರ್ಯವಾಯಿತು.

ವಿಷಯ ತಿಳಿದದ್ದು ದಾವಣಗೆರೆಯ ಬಸ್ಸಿನಲ್ಲಿ, ಯಂತ್ರ ಮತ್ತೆ ಕಿವಿಗೇರಿದ ಮೇಲೆ. ನಾದಿನಿ ಮೋಸಂಬಿ ಸುಲಿಯುತ್ತಾ ಹೇಳಿದಳು.

"ಎಲ್ಲಾರೂ ಆಮೆನ್ ಮುಗಿಸಿದ್ವಿ. ಆರ್ಗನ್ನೂ ನಿಂತಿತು. ನೀನು ನಿಲ್ಲಲಿಲ್ಲ."

"ನಡುಕ ಇತ್ತಲ್ಲೇ, ಹಲಗೆಯಲ್ಲಿ."

"ಹಲಗೀದಲ್ಲ ಅತ್ಗೆ, ಅದು ನಿನ್ನ ಮೊಣಕಾಲಿಂದು. ನೀನೊಬ್ಬಾಕಿನ ಕಣ್ಣು ಮುಚ್ಚಿಕೊಂಡು ಎಳದಿ, ಎಳದಿ. ಚರ್ಚಿನಾಗ ಸೂಜಿ ಬಿದ್ರ ಕೇಳಬೇಕು. ಮಾಸ್ಟರ್ ಕೈ ಎಲ್ಲಿ ಇಡಬೇಕು ಗೊತ್ತಾಗದಂಗ ನಿಂತಿದ್ರು. ಫಾದರ್ ಅಂತೂ ಸೋಲೊ ಅಂತ ತಿಳ್ಕೊಂಡಾರ."

"ಹೇಗಿತ್ತು?" ಎಂದೆ.

ಅವಳು ಒಂದು ತೊಳೆ ನನ್ನ ಕೈಗಿಟ್ಟಳು. "ಆರ್ಗನ್ ಸ್ವರಕ್ಕ ಸರೀ ಇತ್ತು, ಅದನ್ನ ಸುಳ್ಳು ಹೇಳಲ್ಲ. ಆದ್ರ ಆರ್ಗನ್ ಇರಲಿಲ್ಲ."

ಮಾರನೆಯ ದಿನ ಮಾಸ್ಟರ್ ಅವಳಿಗೆ ಫೋನ್ ಮಾಡಿದರು, ನನಗಲ್ಲ. ಒಂದೇ ಮನುಷ್ಯರಿಗೆ ಎರಡನೆಯ ಸಲ ಸನ್ಮಾನ ಮಾಡಲು ಬರುವುದಿಲ್ಲವಂತೆ. ಆದ್ದರಿಂದ ನಾನು ಸಾಲಿನಲ್ಲಿಯೇ ಇರಬೇಕಾಯಿತು. ಒಂದು ಷರತ್ತು: ನಾದಿನಿ ನನ್ನ ಎಡತೋಳು ಹಿಡಿದುಕೊಂಡು ನಿಲ್ಲಬೇಕು, ಸ್ವರ ನಿಲ್ಲಿಸುವಲ್ಲಿ ಚಿವುಟಬೇಕು.

ಈಗ ಪ್ರತಿ ಭಾನುವಾರ ಹಾಗೆಯೇ ನಡೆದಿದೆ. ಚಿವುಟುವುದರಲ್ಲಿ ಅವಳು ಬಹಳ ಪಂಕ್ಚುಯಲ್. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಇಂಗ್ಲಿಷನ್ನು ಎಷ್ಟು ಸಲ ತಿದ್ದಿದ್ದೇನೋ, ಎಲ್ಲವನ್ನೂ ಒಂದೊಂದಾಗಿ ನೆನಪಿಸಿಕೊಂಡು ಚಿವುಟುತ್ತಾಳೆ ಎಂದು ನನ್ನ ಅನುಮಾನ. ಮನೆಗೆ ಬಂದು ನೀಲಿಗಟ್ಟಿದ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗ ಮನೆಯವರು, "ಇಷ್ಟು ನೋವು ತಿಂದು ಯಾಕೆ ಹೋಗಬೇಕು?" ಎಂದು ಕೇಳುತ್ತಾರೆ. ನಾನು ಕೇಳಿಸದವರ ಹಾಗೆ ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸುತ್ತೇನೆ.